ಹತ್ತು ನಿಮಿಷದ ಗೀಚಾಟ

ರಾಜಾಜಿನಗರದ ಯಾವುದೇ ಹಳೆಯ ಮನೆಯ ಅಡುಗೆಮನೆ ಬಾಗಿಲ ಪಕ್ಕ ನೇತಾಡುವ ಕ್ಯಾಲೆಂಡರನ್ನು ಹತ್ತಿರ ಹೋಗಿ ನೋಡಿದರೆ ಆ ಮನೆಯ ಅರ್ಧ ಚರಿತ್ರೆ ತಿಳಿಯುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬುಕ್ ಮಾಡಿದ ತಾರೀಕು, ಇಎಂಐ ಕಟ್ಟುವ ದಿನ, ಏಕಾದಶಿಯ ಸುತ್ತ ಒಂದು ಸೊನ್ನೆ. ಇವುಗಳ ನಡುವೆ ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಇನ್ನೊಂದು ಬಗೆಯ ಗುರುತುಗಳಿರುತ್ತವೆ: ಒಂದರೊಳಗೊಂದು ಚೌಕ, ಸುರುಳಿ, ಆರು ಎಸಳಿನ ಹೂವು, ಬಾಲ ಬೆಳೆಯುತ್ತಲೇ ಹೋದ ಮೀನು. ನೆಂಟರ ಮನೆ ಮದುವೆ ಮಾತುಕತೆ ಫೋನಿನಲ್ಲಿ ಮುಗಿಯದೇ ಎಳೆದಾಗಲೋ, ಬ್ಯಾಂಕಿನ ಕಾಲ್ ಸೆಂಟರಿನವರು ಸಂಗೀತ ಹಾಕಿ ಕಾಯಿಸಿದಾಗಲೋ ಕೈ ತನ್ನಷ್ಟಕ್ಕೆ ತಾನೇ ಬಿಡಿಸಿದ್ದು ಅವು.

ಇಂಥ ಗೀಚಾಟ ಕಂಡರೆ ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಪಾಠದ ಮೇಲೆ ಗಮನವಿಲ್ಲ ಎಂಬುದು ಆರೋಪ. ಈ ಆರೋಪವನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾಕಿ ಆಂಡ್ರೇಡ್ ಪರೀಕ್ಷೆಗೆ ಒಡ್ಡಿದರು. 40 ಜನರಿಗೆ ಎರಡೂವರೆ ನಿಮಿಷದ, ಬೇಕೆಂದೇ ಬೇಸರ ಹುಟ್ಟಿಸುವಂತೆ ಮಾಡಿದ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧದಷ್ಟು ಜನರ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು, ಅಲ್ಲಿದ್ದ ಆಕೃತಿಗಳ ಒಳಗೆ ಸುಮ್ಮನೆ ಗೀಚಿ ತುಂಬಿಸುತ್ತಿರಿ ಎಂದರು. ಆಮೇಲೆ ಕೇಳಿದ್ದನ್ನು ಒಪ್ಪಿಸಲು ಹೇಳಿದಾಗ, ಗೀಚುತ್ತಿದ್ದವರು ಉಳಿದವರಿಗಿಂತ ಶೇ 29ರಷ್ಟು ಹೆಚ್ಚು ನೆನಪಿಟ್ಟಿದ್ದರು. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕಿವಿ ಹಿಂಡಿಸಿಕೊಂಡವರಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು.

ನೆನಪಿನ ಮಾತು ಹಾಗಿರಲಿ. ಗೀಚುವ ಕೈಗೂ ಹಗುರಾಗುವ ಮನಸ್ಸಿಗೂ ಏನಾದರೂ ನಂಟಿದೆಯೇ ಎಂಬುದು ಪಶ್ಚಿಮ ಬೆಂಗಳೂರಿನವರಿಗೆ ಹೆಚ್ಚು ಹತ್ತಿರದ ಪ್ರಶ್ನೆ. ಬಸವೇಶ್ವರನಗರದಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಕೆಲಸ ಎಂಬಂಥ ಸಂಸಾರಗಳು ಇಲ್ಲಿ ಬೇಕಾದಷ್ಟಿವೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕು. ಹಾವನೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತವರನ್ನು ಕೇಳಿದರೆ ಇದು ತೀರಾ ಉದಾರವಾದ ಲೆಕ್ಕ ಎಂದಾರು. ದಾರಿಯ ಮೇಲೆ ಆಫೀಸು, ಆಫೀಸಿನ ಮೇಲೆ ಮಕ್ಕಳ ಟ್ಯೂಷನ್, ಅದರ ಮೇಲೆ ವಯಸ್ಸಾದ ಅಪ್ಪ ಅಮ್ಮನ ಔಷಧಿ. ‘ತಲೆ ಚಿಟ್ಟು ಹಿಡೀತಿದೆ, ಯಾವ್ದು ಮೊದ್ಲು ಮಾಡ್ಲಿ ಅಂತಾನೇ ಗೊತ್ತಾಗ್ತಿಲ್ಲ’ ಎಂಬ ಮಾತು ಸಂಜೆ ಏಳರ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಯೋಗಕ್ಕೆ ಒಂದು ಗಂಟೆ, ಜಿಮ್ಮಿಗೆ ಒಂದು ಗಂಟೆ ಎಂಬ ಸಲಹೆ ಆ ಹೊತ್ತಿನಲ್ಲಿ ಇನ್ನೊಂದು ಕೆಲಸವಾಗಿಯೇ ಕಾಣುತ್ತದೆ. ಹತ್ತು ನಿಮಿಷ, ಒಂದು ಪೆನ್ನು, ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಎಂದರೆ ಯಾರಾದರೂ ಒಂದು ಕೈ ನೋಡಿಯಾರು.

ಈ ವಿಷಯದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಗಿರಿಜಾ ಕೈಮಲ್ ಅವರದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಅವರ ತಂಡ 39 ವಯಸ್ಕರನ್ನು ಕೂರಿಸಿ, ಪೆನ್ನು, ಬಣ್ಣದ ಕಾಗದ, ಜೇಡಿಮಣ್ಣು ಮುಂದಿಟ್ಟು, 45 ನಿಮಿಷ ಏನು ಬೇಕಾದರೂ ಮಾಡಿ ಎಂದಿತು. ಮೊದಲು ಮತ್ತು ನಂತರ ಎಂಜಲಿನ ಮಾದರಿ ತೆಗೆದು ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ಅಳೆಯಿತು. ಒತ್ತಡ ಬಂದಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನು ಅದು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿತ್ರಕಲೆಯ ಅನುಭವ ಇದ್ದವರು, ಇಲ್ಲದವರು ಎಂಬ ಭೇದ ಲೆಕ್ಕಕ್ಕೇ ಬರಲಿಲ್ಲ.

ಇದನ್ನು ಓದಿದ ಕೂಡಲೇ ‘ಚಿತ್ರ ಬಿಡಿಸಿದರೆ ಒತ್ತಡ ಮಾಯ’ ಎಂದು ಫಾರ್ವರ್ಡ್ ಮಾಡುವ ಮುಂಚೆ ಎರಡು ವಿಷಯ ಗಮನಿಸಬೇಕು. ಉಳಿದ ಕಾಲು ಪಾಲು ಜನರಲ್ಲಿ ಕಾರ್ಟಿಸಾಲ್ ಇಳಿಯಲಿಲ್ಲ. ಜೊತೆಗೆ, ಅದೇ ಹೊತ್ತು ಸುಮ್ಮನೆ ಕುಳಿತ ಇನ್ನೊಂದು ಗುಂಪನ್ನು ಹೋಲಿಕೆಗಾಗಿ ಇಟ್ಟಿರಲಿಲ್ಲ. ಕಾರ್ಟಿಸಾಲ್ ಬೆಳಿಗ್ಗೆ ಏರಿ ದಿನ ಕಳೆದಂತೆ ತಾನಾಗಿಯೇ ಇಳಿಯುವ ಸ್ವಭಾವದ್ದು. ಹಾಗಾಗಿ ಇಳಿದದ್ದರಲ್ಲಿ ಪೆನ್ಸಿಲ್ಲಿನ ಪಾಲೆಷ್ಟು, ಗಡಿಯಾರದ ಪಾಲೆಷ್ಟು ಎಂದು ಈ ಒಂದು ಪ್ರಯೋಗದಿಂದ ಹೇಳಲಾಗದು.

ಮರುವರ್ಷ ಅದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ಪುರುಸೊತ್ತಿಲ್ಲದವರಿಗೆ ಹೆಚ್ಚು ಆಸೆ ಹುಟ್ಟಿಸುವುದು ಅದೇ. 26 ಜನರ ಹಣೆಗೆ ಮೆದುಳಿನ ರಕ್ತಸಂಚಾರ ಅಳೆಯುವ ಪಟ್ಟಿ ಕಟ್ಟಿ, ಬಣ್ಣ ತುಂಬುವುದು, ಗೀಚುವುದು, ಮನಸ್ಸಿಗೆ ಬಂದ ಚಿತ್ರ ಬಿಡಿಸುವುದು, ಈ ಮೂರನ್ನೂ ಮೂರು ಮೂರು ನಿಮಿಷ ಮಾಡಿಸಿದರು. ಸುಮ್ಮನೆ ಕುಳಿತಾಗಿನದಕ್ಕಿಂತ ಈ ಮೂರು ಕೆಲಸಗಳ ವೇಳೆ, ಖುಷಿ ಕೊಡುವ ಅನುಭವಗಳಿಗೆ ಮಿಡಿಯುವ ಹಣೆಯ ಹಿಂದಿನ ಭಾಗಕ್ಕೆ ರಕ್ತಸಂಚಾರ ಹೆಚ್ಚಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಗೀಚುವಾಗ.

ಮೂರು ನಿಮಿಷ ಎಂದರೆ ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ಬೆಳಿಗ್ಗೆ ಒಂದು ರಂಗೋಲಿಯ ಚುಕ್ಕಿ ಇಟ್ಟು ಮುಗಿಯುವಷ್ಟು ಹೊತ್ತು. ನೀರು ಚಿಮುಕಿಸಿ ಗುಡಿಸಿದ ನೆಲ ಇನ್ನೂ ಆರಿರುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಪುಡಿ ಹಿಡಿದು ಬೆರಳುಗಳನ್ನು ತುಸು ಉಜ್ಜಿದರೆ ಚುಕ್ಕಿ ಬೀಳುತ್ತದೆ. ‘ಹದಿನೈದರಿಂದ ಎಂಟು, ಸಂದು ಚುಕ್ಕಿ’ ಎಂದರೆ ನಡುವಿನ ಸಾಲಿನಲ್ಲಿ ಹದಿನೈದು ಚುಕ್ಕಿ, ಅದರ ಮೇಲೂ ಕೆಳಗೂ ಎರಡೆರಡರ ಸಂದಿಗೆ ಒಂದೊಂದರಂತೆ ಹದಿನಾಲ್ಕು, ಹದಿಮೂರು, ಹೀಗೆ ಎಂಟಕ್ಕೆ ಬಂದು ನಿಲ್ಲುವುದು. ಒಟ್ಟು 169 ಚುಕ್ಕಿ. ಆಮೇಲೆ ಎಳೆ. ಚುಕ್ಕಿಯನ್ನು ಬಳಸಿಕೊಂಡು ಹೋದ ಎಳೆ ಎಲ್ಲಿಯೂ ಕಡಿಯದೆ ಸುತ್ತಿ ಬಂದು ಹೊರಟಲ್ಲಿಗೇ ಕೂಡಬೇಕು. ಒಂದು ಕಡೆ ಬಲಕ್ಕೆ ತಿರುಗಬೇಕಾದದ್ದು ಎಡಕ್ಕೆ ತಿರುಗಿತೋ, ಎಡವಟ್ಟು ಬಯಲಾಗುವುದು ಕೊನೆಯಲ್ಲೇ. ಹಾಗಾಗಿ ಆ ಹತ್ತು ನಿಮಿಷ ಗಂಡನ ಟಿಫನ್ ಡಬ್ಬಿಗೂ ಮಗಳ ಸ್ಕೂಲ್ ವ್ಯಾನಿಗೂ ತಲೆಯಲ್ಲಿ ಜಾಗವಿಲ್ಲ. ಬಗ್ಗಿದ ಬೆನ್ನು, ಸರಿಯುವ ಹೆಜ್ಜೆ, ಎಣಿಸುವ ತುಟಿ ಅಷ್ಟೇ. ಒಂಬತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಸ್ಕೂಟರ್ ಅದರ ಮೇಲೆಯೇ ಹಾದುಹೋಗುತ್ತದೆ. ಯಾರೂ ಅಳುವುದಿಲ್ಲ.

ಚುಕ್ಕಿ, ಎಳೆಗಳ ಈ ವ್ಯಾಕರಣಕ್ಕೆ ಗಣಿತಜ್ಞರೂ ಮರುಳಾಗಿದ್ದಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ತಮಿಳುನಾಡಿನ ಕೋಲಂಗಳನ್ನು ಕಂಪ್ಯೂಟರ್ ಭಾಷೆಯ ನಿಯಮಗಳಿಗೆ ಅಳವಡಿಸಿ ಪ್ರಬಂಧಗಳನ್ನು ಬರೆದರು. ಇಲ್ಲಿಯ ಮಾತಿಗೆ ಹೆಚ್ಚು ಹೊಂದುವುದು ಇನ್ನೊಂದು ಅಧ್ಯಯನ. ಅಮೆರಿಕದ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 2005ರಲ್ಲಿ 84 ಕಾಲೇಜು ವಿದ್ಯಾರ್ಥಿಗಳಲ್ಲಿ ಮೊದಲು ಸ್ವಲ್ಪ ಆತಂಕ ಹುಟ್ಟಿಸಿ, ಬಳಿಕ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬಣ್ಣ ತುಂಬಲು ಮಂಡಲದ ವಿನ್ಯಾಸ, ಇನ್ನೊಂದಕ್ಕೆ ಅಡ್ಡ ಉದ್ದ ಗೆರೆಗಳ ಚೌಕುಳಿ, ಮೂರನೆಯದಕ್ಕೆ ಬರೀ ಖಾಲಿ ಹಾಳೆ. ಮೊದಲೆರಡು ಗುಂಪಿನವರ ಆತಂಕ ಚೆನ್ನಾಗಿ ಇಳಿಯಿತು. ಖಾಲಿ ಹಾಳೆ ಸಿಕ್ಕವರದು ಅಷ್ಟಾಗಿ ಇಳಿಯಲಿಲ್ಲ. ತಲೆ ಈಗಾಗಲೇ ಗೊಂದಲದಲ್ಲಿರುವಾಗ ‘ಏನು ಬೇಕಾದರೂ ಬಿಡಿಸಿ’ ಎನ್ನುವುದೂ ಒಂದು ಹೊರೆಯೇ. ಹಿಡಿದು ನಡೆಯಲು ಒಂದು ಕಟ್ಟು ಬೇಕು. ಚುಕ್ಕಿ ಇಟ್ಟುಕೊಂಡು ಶುರು ಮಾಡುವವರಿಗೆ ಆ ಕಟ್ಟು ತಾನಾಗಿ ಒದಗಿಬಿಡುತ್ತದೆ.

ಹಾಗೆಂದು ರಂಗೋಲಿಯನ್ನು ಹೆಂಗಸರಿಗೆ ನಮ್ಮ ಹಿರಿಯರು ಕೊಟ್ಟ ಮದ್ದು ಎಂದು ಕೊಂಡಾಡುವುದು ಸ್ವಲ್ಪ ಅತಿಯಾದೀತು. ಧನುರ್ಮಾಸದ ಚಳಿಯಲ್ಲಿ, ಸೊಂಟ ನೋವಿನಲ್ಲಿ, ಅತ್ತೆಯ ಕಣ್ಗಾವಲಿನಲ್ಲಿ ಹಾಕಿದ ರಂಗೋಲಿ ಮನಸ್ಸನ್ನು ಹಗುರ ಮಾಡಿರಲಾರದು. ಕಡ್ಡಾಯವಾದದ್ದು ಹಗುರ ಮಾಡುವುದು ಕಡಿಮೆ. ಈಗ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಮುಂದೆ ಸ್ಟಿಕ್ಕರ್ ರಂಗೋಲಿ ಬಂದಿದೆ. ಅದನ್ನು ಅಂಟಿಸಿದ ಮನೆಗೆ ಲಕ್ಷ್ಮಿ ಬರುತ್ತಾಳೆಯೋ ಇಲ್ಲವೋ ಪುರೋಹಿತರು ಹೇಳಬೇಕು. ಬೆಳಗಿನ ಆ ಹತ್ತು ನಿಮಿಷವನ್ನಂತೂ ವಾಟ್ಸ್‌ಆ್ಯಪ್ ತೆಗೆದುಕೊಂಡಿದೆ.

ಇನ್ನು, ಏನನ್ನು ಬಿಡಿಸಬೇಕು? ‘ಒಳಗಿರೋದನ್ನೆಲ್ಲ ಹೊರಗೆ ಹಾಕಿಬಿಡು, ಹಗುರಾಗುತ್ತೆ’ ಎಂಬ ಉಪದೇಶ ಎಲ್ಲೆಡೆ ಸಿಗುತ್ತದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನೋವಿಜ್ಞಾನಿಗಳು ಇದನ್ನು ನಂಬದೆ ಪರೀಕ್ಷಿಸಿದರು. ದುಃಖದ ನೆನಪಿನಲ್ಲಿದ್ದವರಲ್ಲಿ ಕೆಲವರಿಗೆ ಆ ದುಃಖವನ್ನೇ ಚಿತ್ರಿಸಲು ಹೇಳಿದರು. ಉಳಿದವರಿಗೆ ಅದಕ್ಕೆ ಸಂಬಂಧವೇ ಇಲ್ಲದ ಏನನ್ನಾದರೂ ಬಿಡಿಸಲು ಹೇಳಿದರು. ಮನಸ್ಸು ಹೆಚ್ಚು ತಿಳಿಯಾದದ್ದು ಎರಡನೆಯವರದು. 2012ರ ಈ ಫಲಿತಾಂಶದ ನಂತರ ಡ್ರೇಕ್ ತಂಡ ಸತತ ನಾಲ್ಕು ದಿನ ಚಿತ್ರ ಬಿಡಿಸಲು ಹೇಳಿಯೂ ನೋಡಿತು. ಆಗಲೂ ಗಮನ ಬೇರೆಡೆಗೆ ಹೊರಳಿಸಿದವರದೇ ಮೇಲುಗೈ. ಅಂದರೆ ಮ್ಯಾನೇಜರ್ ಮೇಲೆ ಸಿಟ್ಟು ಬಂದಾಗ ಅವರಿಗೆ ಕೊಂಬು ಬರೆಯುವುದಕ್ಕಿಂತ ಅವರ ಮೇಜಿನ ಮೇಲಿನ ಮನಿಪ್ಲಾಂಟ್ ಬರೆಯುವುದು ಲಾಭಕರ. ಕೊಂಬು ಬರೆಯುವ ಸುಖವೇ ಬೇರೆ, ಆ ಮಾತು ನಿಜ.

ರಾಜಾಜಿನಗರದವರಿಗೆ ಈ ವಿಷಯದಲ್ಲಿ ತಮ್ಮದೇ ಒಬ್ಬ ಹಿರಿಯರಿದ್ದರು. ರುಮಾಲೆ ಚನ್ನಬಸವಯ್ಯ, ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದ ಕಡೆಯವರು. ಎಳೆಯ ವಯಸ್ಸಿನಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಚಿತ್ರಕಲೆ ಕಲಿತರು. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ ಕರೆಯಿತು. ಗಾಂಧೀವಾದಿಯಾಗಿ ಅದಕ್ಕೆ ಧುಮುಕಿದರು. ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ವಿಧಾನ ಪರಿಷತ್ತಿನ ಸದಸ್ಯತ್ವ, ಸಭೆ, ಸಮಿತಿ. ಕುಂಚ ಎರಡು ದಶಕಕ್ಕೂ ಹೆಚ್ಚು ಕಾಲ ಮೂಲೆಗೆ ಬಿತ್ತು. 1960ರ ದಶಕದಲ್ಲಿ ರಾಜಕೀಯಕ್ಕೆ ಕೈಮುಗಿದು ಅವರು ಮರಳಿ ಚಿತ್ರಕ್ಕೆ ಬಂದರು. ರಾಜಾಜಿನಗರದ ಅವರ ಕಲಾಶಾಲೆಯ ಹೆಸರು ‘ಚಿತ್ರಕೂಟ’. ಕಬ್ಬನ್ ಪಾರ್ಕು, ಲಾಲ್‌ಬಾಗು, ಹೂ ಬಿಟ್ಟ ಗುಲ್‌ಮೊಹರ್, ಜಕರಂಡಗಳ ಎದುರು ಕ್ಯಾನ್ವಾಸ್ ಹೂಡಿಕೊಂಡು ಬಯಲಿನಲ್ಲೇ ಬರೆಯುತ್ತಿದ್ದರು. 1988ರಲ್ಲಿ ತೀರಿಕೊಳ್ಳುವವರೆಗೂ ಈ ನಗರದ ಮರಗಳನ್ನು ಅವರಷ್ಟು ಪ್ರೀತಿಯಿಂದ ಬಣ್ಣದಲ್ಲಿ ಹಿಡಿದಿಟ್ಟವರು ವಿರಳ. ರುಮಾಲೆಯವರದು ವ್ರತದಂಥ ಸಾಧನೆ. ಹತ್ತು ನಿಮಿಷದ ಗೀಚಾಟಕ್ಕೆ ಅದನ್ನು ಸಾಕ್ಷಿಯಾಗಿ ಎಳೆದು ತರುವುದು ಅನ್ಯಾಯ. ಆದರೂ ಐವತ್ತು ದಾಟಿದ ಮೇಲೆ ಮತ್ತೆ ಬಣ್ಣ ಕಲಸಬಹುದು ಎಂಬುದಕ್ಕೆ ಅವರಿಗಿಂತ ಹತ್ತಿರದ ಉದಾಹರಣೆ ಈ ಬಡಾವಣೆಗೆ ಸಿಗದು. ವಿನ್‌ಸ್ಟನ್ ಚರ್ಚಿಲ್ ಕೂಡ 1915ರಲ್ಲಿ ಗಲಿಪೊಲಿ ಯುದ್ಧದ ಸೋಲು ತಲೆಗೆ ಸುತ್ತಿಕೊಂಡು ಅಧಿಕಾರ ಕಳೆದುಕೊಂಡಾಗ ಮೊದಲ ಸಲ ಕುಂಚ ಹಿಡಿದವರು. ಆಗ ಅವರಿಗೆ ನಲವತ್ತು.

‘ಅವರಿಗೆ ಬರುತ್ತಿತ್ತು, ನಮಗೆ ಡ್ರಾಯಿಂಗ್ ಬರಲ್ಲ’ ಎನ್ನುವವರೇ ಹೆಚ್ಚು. ಇದರಲ್ಲಿ ಅವರ ತಪ್ಪೇನಿಲ್ಲ. ಕನ್ನಡಿಗರ ಕಣ್ಣಿಗೆ ಚಿತ್ರ ಬಿಡಿಸುವುದೆಂದರೆ ಬಿ.ಕೆ.ಎಸ್. ವರ್ಮಾ ಅವರು ವೇದಿಕೆಯ ಮೇಲೆ ಹಾಡು ಮುಗಿಯುವಷ್ಟರಲ್ಲಿ ಎದ್ದು ನಿಲ್ಲಿಸುತ್ತಿದ್ದ ದೇವಿಯ ರೂಪ. ಅದನ್ನು ನೋಡಿದ ಮೇಲೆ ಯಾರಿಗೆ ತಾನೇ ಪೆನ್ಸಿಲ್ ಹಿಡಿಯುವ ಧೈರ್ಯ ಬರಬೇಕು? ಅತ್ತ ಶಾಲೆ ಕಲಿಸಿದ್ದು ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಹೆಂಚಿನ ಮನೆ, ತೆಂಗಿನ ಮರ. ಕೆಂಗೇರಿಯ ಮಗುವೂ ಕಾರವಾರದ ಮಗುವೂ ಅದನ್ನೇ ಬರೆಯುತ್ತದೆ.

ಈ ಹೆದರಿಕೆಗೆ ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೊನ್ ನಿಕೊಲೈಡಿಸ್ ಒಂದು ಉಪಾಯ ಬಿಟ್ಟುಹೋಗಿದ್ದಾರೆ. ಅವರು ತೀರಿಕೊಂಡ ಮೇಲೆ, 1941ರಲ್ಲಿ ಅಚ್ಚಾದ ಅವರ ಪುಸ್ತಕ ಶುರುವಾಗುವುದೇ ಅದರಿಂದ: ವಸ್ತುವನ್ನು ನೋಡುತ್ತ ಅದರ ಅಂಚನ್ನು ಬರೆಯುವುದು, ಕಾಗದವನ್ನು ಮಾತ್ರ ನೋಡಬಾರದು. ಕಾಫಿ ಫಿಲ್ಟರನ್ನೇ ಎದುರಿಗಿಟ್ಟುಕೊಂಡರಾಯಿತು. ಕಣ್ಣು ಮುಚ್ಚಳದ ಗುಬುಟಿನ ಮೇಲೆ, ಪೆನ್ನಿನ ಮೊನೆ ಹಾಳೆಯ ಮೇಲೆ. ಕಣ್ಣು ಇರುವೆಯಷ್ಟು ನಿಧಾನವಾಗಿ ಅಂಚಿನ ಗುಂಟ ಇಳಿಯಬೇಕು, ಕೈಯೂ ಅದೇ ವೇಗದಲ್ಲಿ. ಗುಬುಟಿನ ಕೆಳಗೆ ಒಂದು ಸಣ್ಣ ತಗ್ಗು, ಆಮೇಲೆ ಮುಚ್ಚಳದ ಇಳಿಜಾರು, ಮೇಲಿನ ಪಾತ್ರೆ ಕೆಳಗಿನದರಲ್ಲಿ ಕೂರುವಲ್ಲಿ ಎರಡು ಗೆರೆ ಅಕ್ಕಪಕ್ಕ, ಹಿಂದೆಂದೋ ಕೆಳಗೆ ಬಿದ್ದಾಗ ಆದ ನೆಗ್ಗು. ದಿನಾ ಬೆಳಿಗ್ಗೆ ಮುಟ್ಟುವ ಪಾತ್ರೆಯಲ್ಲಿ ಆ ನೆಗ್ಗು ಇದೆಯೆಂದು ಮನೆಯವರಿಗೇ ಗೊತ್ತಿರುವುದಿಲ್ಲ. ಐದು ನಿಮಿಷದ ನಂತರ ಹಾಳೆ ನೋಡಿದರೆ ಫಿಲ್ಟರ್ ಕುಡಿದು ವಾಲಿದಂತಿರುತ್ತದೆ. ನಗು ಬರುತ್ತದೆ. ಬರಬೇಕಾದದ್ದೂ ಅದೇ: ಚೆನ್ನಾಗಿ ಬರಲು ಸಾಧ್ಯವೇ ಇಲ್ಲದ ಚಿತ್ರಕ್ಕೆ ಅಂಕ ಕೊಡುವವರು ಯಾರು?

ಮೆಟ್ರೊ ಇನ್ನೊಂದು ಒಳ್ಳೆಯ ಜಾಗ. ನೇರಳೆ ಮಾರ್ಗ 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿ ಮುಟ್ಟಿತು. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟ. ವಿಜಯನಗರದಲ್ಲಿ ಹತ್ತಿದವರಿಗೆ ಕೆಂಗೇರಿಗೆ ಇಪ್ಪತ್ತು ನಿಮಿಷದ ಆಸುಪಾಸು. ಜನರ ಮುಖ ಬರೆಯಲು ಹೋದರೆ ಅವರು ದಿಟ್ಟಿಸಿ ನೋಡುತ್ತಾರೆ, ಮುಜುಗರ. ಕೈಗಳನ್ನು ಬರೆದರೆ ಯಾರಿಗೂ ತಿಳಿಯದು. ಕಂಬಿ ಹಿಡಿದ ಕೈ, ಮಡಿಲಲ್ಲಿ ಮಡಚಿದ ಕೈ, ಕೊತ್ತಂಬರಿ ಕಟ್ಟು ಇಣುಕುವ ಚೀಲದ ಹಿಡಿ. ಸೀಟು ಸಿಗದ ದಿನ ಈ ಉಪಾಯ ನಡೆಯುವುದಿಲ್ಲ, ಸೀಟು ಸಿಗದ ದಿನಗಳೇ ಹೆಚ್ಚು.

ಜೊತೆ ಬೇಕೆನ್ನುವವರಿಗೂ ದಾರಿಯಿದೆ. ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕ್ಯಾಂಪನಾರಿಯೊ 2007ರಲ್ಲಿ ಹುಟ್ಟುಹಾಕಿದ ‘ಅರ್ಬನ್ ಸ್ಕೆಚರ್ಸ್’ ಬಳಗ ಈಗ ಜಗತ್ತಿನ ನೂರಾರು ಊರುಗಳಲ್ಲಿ ಹಬ್ಬಿದೆ. ಬೆಂಗಳೂರಿನಲ್ಲಿ ‘ಪೆನ್ಸಿಲ್ ಜ್ಯಾಮ್’ ತಂಡದವರು ವಾರದ ಕೊನೆಯಲ್ಲಿ ಯಾವುದಾದರೊಂದು ಜಾಗದಲ್ಲಿ ಕೂಡಿ ಬರೆಯುತ್ತಾರೆ. ಪಶ್ಚಿಮದವರಿಗೆ ಮಲ್ಲತ್ತಹಳ್ಳಿಯ ಕಲಾಗ್ರಾಮ ಹತ್ತಿರ. ಒಂದೇ ಎಚ್ಚರ: ಬರೆದದ್ದನ್ನೆಲ್ಲ ಇನ್‌ಸ್ಟಾಗ್ರಾಂಗೆ ಏರಿಸುವ ಚಟ ಹತ್ತಿದರೆ ಲೈಕುಗಳ ಲೆಕ್ಕ ಹೊಸ ಒತ್ತಡವಾಗುತ್ತದೆ.

ಒಂದು ಗಡಿಯನ್ನೂ ಇಲ್ಲಿ ಗುರುತಿಸಬೇಕು. ಚಿತ್ರ ಚಿಕಿತ್ಸೆ ಎಂಬುದು ತರಬೇತಿ ಪಡೆದವರು ನಡೆಸುವ ಬೇರೆಯೇ ವಿದ್ಯೆ. ಕ್ಷಯರೋಗಕ್ಕೆ ಸ್ಯಾನಟೋರಿಯಂ ಸೇರಿ, ಅಲ್ಲಿ ಚಿತ್ರ ಬರೆಯುತ್ತ ಚೇತರಿಸಿಕೊಂಡ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಮನೆಯ ಗೀಚಾಟ ಅದರ ಬದಲಿಯಲ್ಲ. ನೀವು ಬರೆದ ಮರಕ್ಕೆ ಬೇರಿಲ್ಲ, ಹಾಗಾಗಿ ನಿಮ್ಮ ಬಾಲ್ಯ ಸರಿಯಿರಲಿಲ್ಲ ಎಂದು ಕಣಿ ಹೇಳುವವರಿಂದ ದೂರವಿರುವುದೇ ಕ್ಷೇಮ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಪೆನ್ಸಿಲ್ ಬದಿಗಿಟ್ಟು 14416ಕ್ಕೆ ಫೋನ್ ಮಾಡಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಈ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒತ್ತಡ ಇವತ್ತು ದೊಡ್ಡವರಿಗಷ್ಟೇ ಮೀಸಲಾಗಿಲ್ಲ. ಸಂಕ್ರಾಂತಿ ಕಳೆಯುತ್ತಿದ್ದಂತೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಬಂದ್, ಕೇಬಲ್ ಬಂದ್, ನೆಂಟರೂ ಬಂದ್. ಶಾಲೆಯ ವೇಳಾಪಟ್ಟಿಯಲ್ಲಿ ಮೊದಲು ತಲೆದಂಡವಾಗುವುದು ವಾರಕ್ಕೊಂದೋ ಎರಡೋ ಇರುವ ಡ್ರಾಯಿಂಗ್ ಪೀರಿಯಡ್ಡಿನದು. ಗಣಿತದ ಮೇಷ್ಟ್ರು ‘ಇವತ್ತು ನಾನೇ ತಗೋತೀನಿ’ ಎಂದು ಒಳಗೆ ಬರುತ್ತಾರೆ, ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಹಾಲ್ ಟಿಕೆಟ್ ವಿಂಗಡಿಸುತ್ತ ಕೂರುತ್ತಾರೆ. ಕರಿ ಮತ್ತು ಕ್ಯಾಸರ್ ಪ್ರಯೋಗದಲ್ಲಿ ಬಣ್ಣ ತುಂಬಲು ಕೊಟ್ಟದ್ದು 20 ನಿಮಿಷ. ಅದು ಒಂದು ಪೀರಿಯಡ್ಡಿನ ಅರ್ಧ. ಉಳಿದರ್ಧವನ್ನು ಬೇಕಾದರೆ ತ್ರಿಕೋನಮಿತಿಯೇ ಇಟ್ಟುಕೊಳ್ಳಲಿ.